ಪದ ಬೇಕು: ‘ಕಾಮನ್ಸ್’ಗೆ ಕನ್ನಡದಲ್ಲಿ ಏನಂತೀರಿ? (ಬೋರ್ಡಿಗೆ, ಅರ್ಜೆಂಟ್)

ಮುಳಬಾಗಿಲು ಕಡೆಯಿಂದ:

ಎಲ್ಲರಿಗೂ ನಮಸ್ಕಾರ. ಎರಡು ಕೆಲಸಕ್ಕೆ ಒಂದೇ ಪದ ಬೇಕು. ‘ಕಾಮನ್ಸ್’ ಅಂದರೆ ಜನ ಒಟ್ಟಾಗಿ ಬಳಸಿ ಒಟ್ಟಾಗಿ ನೋಡಿಕೊಳ್ಳುವ ಕಾಡು, ಕೆರೆ, ಹುಲ್ಲುಗಾವಲು ಇಂಥವು. ಬಡ ದೇಶಗಳಲ್ಲಿ ಜನ ಕಾಡು, ನೀರು, ಹುಲ್ಲು ನಂಬಿಕೊಂಡು ಹೇಗೆ ಬದುಕುತ್ತಾರೆ ಅನ್ನುವ ಚಿಕ್ಕ ಪುಸ್ತಕವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಜೊತೆಗೆ ನಮ್ಮೂರಲ್ಲಿ ಗುಂಡುತೋಪು, ಕೆರೆಯಂಗಳ, ಗೋಮಾಳ ಮೂರೂ ಸೇರುವ ಕಡೆ ಒಂದು ಬೋರ್ಡ್ ಬರೆಸಬೇಕು. ಪೇಂಟರ್ ಶುಕ್ರವಾರ ಬರುತ್ತಾನೆ. ಅಕ್ಷರದ ಲೆಕ್ಕದಲ್ಲಿ ದುಡ್ಡು ಕೇಳುತ್ತಾನೆ, ಉದ್ದ ಬೇಡ.

ಪುಸ್ತಕದಲ್ಲಿ ನೇಪಾಳದ ಅಧ್ಯಾಯವಿದೆ. ಅಲ್ಲಿ 1993ರ ಅರಣ್ಯ ಕಾಯ್ದೆ ಬಂದ ಮೇಲೆ ನೆಲ ಸರ್ಕಾರದ್ದೇ, ಕಾಡು ನೋಡಿಕೊಳ್ಳುವುದು ಮಾತ್ರ ಅದನ್ನು ಬಳಸುವ ಜನರ ಗುಂಪು. ಅವರು ‘ಸಾಮುದಾಯಿಕ ವನ’ ಅನ್ನುತ್ತಾರೆ. ಗುಂಪಿಗೆ ‘ಉಪಭೋಕ್ತಾ ಸಮೂಹ’. ಇದನ್ನು ಹಾಗೇ ಇಟ್ಟರೆ ನಮ್ಮಲ್ಲಿ ಯಾರೋ ಹಾಯಾಗಿ ಕೂತು ಕಾಡನ್ನು ಅನುಭವಿಸುತ್ತಿರುವ ಹಾಗೆ ಕೇಳುತ್ತದೆ. ‘ಸಾಮುದಾಯಿಕ ಸಂಪನ್ಮೂಲ’ ಅಂತ ಬರೆದು ನಮ್ಮತ್ತೆಗೆ ಓದಿ ಹೇಳಿದೆ. “ಯಾವ ಬ್ಯಾಂಕಿನ ಸ್ಕೀಮಮ್ಮ ಇದು?” ಅಂದರು.

ಇನ್ನೊಂದು. ‘ಪಾವರ್ಟಿ ರಿಡಕ್ಷನ್’ ಅಂತಿದ್ದರೆ ಎಲ್ಲರೂ ‘ಬಡತನ ನಿರ್ಮೂಲನೆ’ ಬರೆಯುತ್ತಾರೆ. ಕಮ್ಮಿ ಮಾಡುವುದು ಬೇರೆ, ಬೇರು ಸಮೇತ ಕೀಳುವುದು ಬೇರೆ ಅಲ್ವಾ?

ಬೆಂಗಳೂರಿಂದ:

‘ಸಾರ್ವಜನಿಕ ಸ್ವತ್ತು’. ಚಾಲ್ತಿಯಲ್ಲಿರುವ ಪದ. ಚರ್ಚೆಯೇ ಬೇಕಿಲ್ಲ. ನಿರ್ಮೂಲನೆ ಬಗ್ಗೆ ನೀವು ಹೇಳಿದ್ದು ಸರಿ, ‘ಬಡತನ ಇಳಿಕೆ’ ಅಂತ ಬರೆದುಕೊಳ್ಳಿ.

ತಿಪಟೂರಿಂದ:

ಸಾರ್ವಜನಿಕ ಅಂದ ತಕ್ಷಣ ನನಗೆ ನೆನಪಾಗುವುದು ಬಸ್ ಸ್ಟ್ಯಾಂಡಿನ ಶೌಚಾಲಯ. ಯಾರು ಬೇಕಾದರೂ ಹೋಗಬಹುದು, ಯಾರೂ ತೊಳೆಯುವುದಿಲ್ಲ. 1968ರಲ್ಲಿ ಅಮೆರಿಕದ ಪರಿಸರ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್ ಮಾಡಿದ ಎಡವಟ್ಟೂ ಇದೇ. ಎಲ್ಲರದ್ದು ಅಂದರೆ ಯಾರದ್ದೂ ಅಲ್ಲ, ಎಲ್ಲರೂ ದನ ಬಿಟ್ಟು ಹಾಳು ಮಾಡುತ್ತಾರೆ ಅಂದುಬಿಟ್ಟ. ಹಾಗಲ್ಲ, ಬಳಸುವವರೇ ಕಟ್ಟುಪಾಡು ಮಾಡಿಕೊಂಡು ಉಳಿಸಿಕೊಂಡಿರುವ ಕಡೆ ಬೇಕಾದಷ್ಟಿವೆ ಅಂತ ಅಮೆರಿಕದವರೇ ಆದ ರಾಜಕೀಯ ವಿಜ್ಞಾನಿ ಎಲಿನಾರ್ ಆಸ್ಟ್ರಮ್ 1990ರಲ್ಲಿ ಪುಸ್ತಕವನ್ನೇ ಬರೆದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಹೇಳೋರು ಕೇಳೋರು ಇಲ್ಲದ ಜಾಗ ಬೇರೆ, ಹೇಳೋರು ಕೇಳೋರು ಇದ್ದೂ ಎಲ್ಲರದಾಗಿರುವ ಜಾಗ ಬೇರೆ. ಮೇಡಂಗೆ ಬೇಕಾಗಿರುವುದು ಎರಡನೆಯದಕ್ಕೆ ಪದ.

ಹೊಸಗನ್ನಡಿಗ, ಬೆಂಗಳೂರು:

ಸಂಸ್ಕ್ರುತದಿಂದ ಕಡ ತರುವ ಮೊದಲು ಮನೆಯ ಪೆಟ್ಟಿಗೆ ತೆರೆದು ನೋಡಿ. ಹಳಗನ್ನಡದಲ್ಲಿ ‘ಪುದು’ ಇತ್ತು. ಕೂಡಿ ಇರುವುದು, ಪಾಲುಗಾರಿಕೆ ಎಂಬ ಹುರುಳು. ಪಕಾರ ಹಕಾರವಾಗಿ ‘ಹುದು’. ತಮಿಳಿನ ‘ಪೊದು’ ಇದರದೇ ಒಡಹುಟ್ಟು. ‘ಹುದುನೆಲ’ ಎಂದು ಬರೆಸಿ. ನಾಲ್ಕೇ ಅಕ್ಕರ, ದುಡ್ಡೂ ಉಳಿಯಿತು.

ಬಂಗಾರಪೇಟೆಯಿಂದ:

‘ಹುದುನೆಲ’ ಅಂತ ಬರೆಸಿದರೆ ನಮ್ಮ ಕಡೆ ಇಡ್ಲಿ ಹಿಟ್ಟು ಹುದುಗಲು ಇಡುವ ಜಾಗ ಅಂದುಕೊಳ್ಳುತ್ತಾರೆ. ಕೆಜಿಎಫ್ ತಮಿಳರಿಗೆ ‘ಪೊದು’ ಗೊತ್ತು, ನಿಮ್ಮ ‘ಹುದು’ ಯಾರಿಗೂ ಗೊತ್ತಿಲ್ಲ. ಸತ್ತ ಪದ ಬೋರ್ಡಿನ ಮೇಲೆ ಎದ್ದು ಕೂರುವುದಿಲ್ಲ ಸಾರ್.

ಅದಕ್ಕಿಂತ ನನ್ನ ಸಿಟ್ಟು ಬೇರೆ ಪದದ ಮೇಲೆ. ಪಹಣಿಯಲ್ಲಿ ಇಂಥ ಜಾಗಕ್ಕೆ ಏನಂತ ಬರೆಯುತ್ತಾರೆ? ‘ಖರಾಬು’. ದಾರಿ, ಹಳ್ಳ, ಕಾಲುವೆ ಎಲ್ಲಾ ‘ಬ’ ಖರಾಬು, ಅಂದರೆ ಸಾರ್ವಜನಿಕ ಬಳಕೆಗೆ ಬಿಟ್ಟ ಖರಾಬು. ಅರಬ್ಬಿಯಲ್ಲಿ ಅದರರ್ಥ ಹಾಳು. ಗಡಿ ದಾಟಿದರೆ ‘ಪೊರಂಬೋಕು’. ತಮಿಳಿನಲ್ಲಿ ಅದು ಈಗ ಮನುಷ್ಯರನ್ನು ಬೈಯುವ ಮಾತು. ಕಂದಾಯ ಹುಟ್ಟದ ನೆಲವೆಲ್ಲ ಕೆಟ್ಟ ನೆಲ ಅಂತ ಯಾವನೋ ಲೆಕ್ಕ ಬರೆದ, ನಾವು ಅದನ್ನೇ ಓದಿಕೊಂಡು ಬಂದೆವು. ನಮ್ಮ ದೇಶದ ಒಣ ಸೀಮೆಯ ಬಡವರ ಮನೆ ವರಮಾನದಲ್ಲಿ ನೂರಕ್ಕೆ 14ರಿಂದ 23ರಷ್ಟು ಇಂಥ ಜಾಗಗಳಿಂದಲೇ ಬರುತ್ತಿತ್ತು ಅಂತ ಅರ್ಥಶಾಸ್ತ್ರಜ್ಞ ಎನ್.ಎಸ್. ಜೋಧಾ 1986ರಲ್ಲಿ ತೋರಿಸಿದ್ದರು. ಸೌದೆ, ಹುಲ್ಲು, ಸೊಪ್ಪು, ಹೊಂಗೆಬೀಜ. ಖರಾಬಂತೆ!

ಮತ್ತೆ ತಿಪಟೂರಿಂದ:

‘ಊರೊಟ್ಟಿನ’. ಊರೊಟ್ಟಿನ ಕೆಲಸ ಅನ್ನುತ್ತೇವಲ್ಲ, ಹಾಗೇ ಊರೊಟ್ಟಿನ ಜಾಗ. ಮನೆಗೊಂದಾಳು ಬರಬೇಕು, ಬರದಿದ್ದರೆ ದಂಡ ಅನ್ನುವುದೆಲ್ಲ ಆ ಪದದೊಳಗೇ ಇದೆ. ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ.

ಮಾಲೂರಿಂದ:

ಚೆನ್ನಾಗಿದೆ, ಆದರೆ ಊರು ಅಂದರೆ ಯಾರು ಸ್ವಾಮಿ? ನಾನು ಹುಟ್ಟಿದ್ದು ಕೇರಿಯಲ್ಲಿ. ‘ಊರೋರು ಬಂದಿದ್ದಾರೆ’ ಅಂದರೆ ನಮ್ಮಜ್ಜಿ ಎದ್ದು ನಿಲ್ಲುತ್ತಿದ್ದರು. ನಮ್ಮಜ್ಜ ನೀರುಗಂಟಿ. ಕೆರೆ ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ಅಂತ ನೋಡುವುದು, ರಾತ್ರಿ ಲಾಟೀನು ಹಿಡಿದು ಕಾಲುವೆ ಸುತ್ತುವುದು ಎಲ್ಲಾ ಅವರೇ. ಕೆರೆ ಕೆಳಗೆ ಅವರದೊಂದು ಗುಂಟೆ ಇರಲಿಲ್ಲ. ಸುಗ್ಗಿಯಲ್ಲಿ ಊರೋರು ಅಳೆದುಕೊಟ್ಟರೆ ರಾಗಿ. ಆ ಕೆರೆ ಊರೊಟ್ಟಿನದೇ ಆಗಿತ್ತು, ಒಪ್ಪುತ್ತೇನೆ.

ಹೊಸಗನ್ನಡಿಗ, ಬೆಂಗಳೂರು:

ನೋವು ತಿಳಿಯಿತು. ಆದರೆ ಇಲ್ಲಿ ನಡೆಯುತ್ತಿರುವುದು ಪದದ ಮಾತು. ‘ಗೋಮಾಳ’ದಲ್ಲೂ ಅರ್ದ ಸಂಸ್ಕ್ರುತವಿದೆ ಎಂಬುದನ್ನು ಯಾರೂ ಎತ್ತಲಿಲ್ಲ.

ಬಂಗಾರಪೇಟೆಯಿಂದ:

ಸರಿ, ‘ದನಮಾಳ’ ಅಂತ ತಿದ್ದಿಸಿ, ತಾಲ್ಲೂಕು ಆಫೀಸಿಗೆ ನೀವೇ ಹೋಗಿ. ನೂರು ದನಕ್ಕೆ 12 ಹೆಕ್ಟೇರ್ ಗೋಮಾಳ ಬಿಡಬೇಕು ಅಂತ ಭೂಕಂದಾಯ ನಿಯಮದಲ್ಲಿದೆ. ನೆಲ ಉಳಿದರೆ ಸಾಕಾಗಿದೆ, ನೀವು ‘ಗೋ’ ಓಡಿಸಲು ಹೊರಟಿದ್ದೀರಿ. ಹಾಗೇ ‘ಅರ್ದ’ದ ಮಹಾಪ್ರಾಣ ಎಲ್ಲಿ ಮೇಯಲು ಹೋಗಿದೆ ನೋಡಿ. ನಮ್ಮ ಕಡೆ ತೆಲುಗಿನ ‘ಉಮ್ಮಡಿ’ (ಜಂಟಿ, ಒಟ್ಟಿನ ಅಂತ ಅರ್ಥ) ಎಲ್ಲರ ಬಾಯಲ್ಲೂ ಇದೆ. ತೆಲುಗಿಂದ ತಂದರೆ ಸಾಲ ಅಲ್ವೋ? ಸಂಸ್ಕೃತದ್ದಾದರೆ ಮಾತ್ರ ಬಡ್ಡಿಯೋ?

ಹೊಸಗನ್ನಡಿಗ, ಬೆಂಗಳೂರು:

ಒಂದೇ ಬುಡದ ನುಡಿಗಳ ನಡುವಿನ ಕೊಡುಕೊಳೆ ಬೇರೆ. ತಿಳಿಯದಿದ್ದರೆ ಸುಮ್ಮನಿರುವುದು ಲೇಸು.

ಮುಳಬಾಗಿಲು ಕಡೆಯಿಂದ:

ಜಗಳ ಆಮೇಲೆ ಆಡಿ, ಪೇಂಟರ್ ಬಂದು ಹೋದ. ಮಾಲೂರಿನವರ ಪತ್ರ ಓದಿದ ಮೇಲೆ ‘ಊರೊಟ್ಟಿನ’ ಒಂದನ್ನೇ ಬರೆಸಲು ಮನಸ್ಸಾಗಲಿಲ್ಲ. ಕೊನೆಗೆ ಹೀಗೆ ಬರೆಸಿದೆ:

ಈ ತೋಪು, ಗೋಮಾಳ, ಕೆರೆಯಂಗಳ
ಊರು ಕೇರಿ ಎಲ್ಲರದು
ಕೇಳದೆ ಕಡಿಯಬೇಡಿ

ಕಾಮನ್ಸ್‌ಗೆ ಒಂದು ಪದ ಅಂತ ಬೋರ್ಡಿಗೆ ಬೇಕಾಗಲೇ ಇಲ್ಲ. ಪುಸ್ತಕಕ್ಕೆ ಬೇಕು. ಅಲ್ಲಿ ‘ಒಟ್ಟಿನ ಸ್ವತ್ತು’ ಅಂತ ಇಟ್ಟು, ಊರನ್ನು ಬಿಟ್ಟೆ. ನೇಪಾಳದ ಅಧ್ಯಾಯದಲ್ಲಿ ಅದು ಸಲೀಸಾಗಿ ಕೂರುತ್ತದೆ. ಆಫ್ರಿಕಾದ ನೈಜರ್ ದೇಶದ ಅಧ್ಯಾಯದಲ್ಲಿ ಮಾತ್ರ ಅನುಮಾನ. ಅಲ್ಲಿ ಹಿಂದೆ ಹೊಲದೊಳಗಿನ ಮರವೂ ಸರ್ಕಾರದ್ದೇ. ಅದಕ್ಕೇ ರೈತರು ಚಿಗುರನ್ನು ಉಳಿಸುತ್ತಿರಲಿಲ್ಲ. ಮರ ತಮ್ಮದು ಅಂತ ಆದ ಮೇಲೆ ಹಳೇ ಬೊಡ್ಡೆಗಳ ಚಿಗುರು ಕಾಯ್ದು ಸುಮಾರು 50 ಲಕ್ಷ ಹೆಕ್ಟೇರಿನಲ್ಲಿ ಮರ ಎಬ್ಬಿಸಿದರು. ಆದರೆ ಇದು ಒಬ್ಬೊಬ್ಬರ ಹೊಲದ ಮರ. ಇದನ್ನು ಒಟ್ಟಿನದು ಅನ್ನಬಹುದೋ ಇಲ್ಲವೋ? ಪ್ರೆಸ್ಸಿನವರು ಸೋಮವಾರ ಕೇಳುತ್ತಾರೆ.

ನಮ್ಮತ್ತೆ ಬೋರ್ಡ್ ಓದಿದರು. “ಯಾರನ್ನ ಕೇಳಬೇಕು ಅಂತ ಬರೆದೇ ಇಲ್ವಲ್ಲಮ್ಮ” ಅಂದರು.

ಬೆಂಗಳೂರಿಂದ:

ನಾನು ಮೊದಲೇ ಹೇಳಿದ್ದೆ, ಸಾರ್ವಜನಿಕ.