ಬಾಯಿ ಬಿಡದ ಬಳಚು

ಭಾನುವಾರ ಬೆಳಿಗ್ಗೆ ಅಘನಾಶಿನಿ ಹೊಳೆಯಲ್ಲಿ ನೀರು ಇಳಿದಿತ್ತು. ಸುಬ್ರಾಯ ಒಂದು ಚೀಲ ಬಳಚು, ಅಂದರೆ ಹೊಳೆಯ ಚಿಪ್ಪುಜೀವಿ, ಹಿಡಿದು ನಮ್ಮ ಜಗುಲಿಗೆ ಬಂದ. ಇನ್ನೊಂದು ಕೈಯಲ್ಲಿ ಬೇರು ಸಮೇತ ಕಿತ್ತ ನೆಲನೆಲ್ಲಿ. ಬೇರಿನ ಮಣ್ಣು ಆಗಷ್ಟೇ ಒರೆಸಿದ ನೆಲದ ಮೇಲೆಲ್ಲ ಉದುರಿತು.

“ಇದೇನು ಮಾರಾಯಾ, ತಂಬುಳಿಗಾ?” ಎಂದೆ.

“ಇದು ಲಿವರಿಗೆ ವಿಮೆ. ಗಿಡದ ರಸ ಹಾಕಿದರೆ ಲಿವರಿನ ಜೀವಕೋಶ ಸಾಯೋದಿಲ್ಲ ಅಂತ ಸಂಶೋಧನೆ ಆಗಿದೆ. ಮೊದಲು ಕಷಾಯ, ಆಮೇಲೆ ಅರೆಬೆಂದ ಬಳಚು. ಜಾಸ್ತಿ ಬೇಯಿಸಿದರೆ ರಬ್ಬರ್ ಆಗ್ತದೆ.”

ಲಿವರಿನಲ್ಲಿ ಕೊಬ್ಬು ತುಂಬಿದೆ ಅಂತ ಡಾಕ್ಟರು ಹೇಳಿ ಆರು ತಿಂಗಳಾಯಿತು. ಅಂದಿನಿಂದ ಅವನು ಬಿಟ್ಟದ್ದು ಬೆಣ್ಣೆ. ಬಾಟಲಿ ಬಿಟ್ಟಿಲ್ಲ.

ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ವಿನುತಾ ಚಹಾದ ಲೋಟ ಕೆಳಗಿಟ್ಟಳು. “ಯಾರ ಲಿವರಿಗೆ ಹಾಕಿದ್ದು?”

“ಯಾರದಾದರೂ ಲಿವರ್ ಲಿವರೇ ಅಲ್ವಾ?”

“ಇಂಥ ಪ್ರಯೋಗಗಳಲ್ಲಿ ಬಹಳ ಸಲ ಬಳಸೋದು ಹೆಪ್‌ಜಿ2 ಅನ್ನೋ ಜೀವಕೋಶ. 1970ರ ದಶಕದಲ್ಲಿ ಅರ್ಜೆಂಟೀನಾದ 15 ವರ್ಷದ ಹುಡುಗನ ಲಿವರ್ ಗಡ್ಡೆಯಿಂದ ತೆಗೆದದ್ದು. ಇವತ್ತಿಗೂ ಲ್ಯಾಬಿನ ಬಟ್ಟಲುಗಳಲ್ಲಿ ಬೆಳೆಯುತ್ತಲೇ ಇದೆ. ರಸವನ್ನು ನೇರವಾಗಿ ಅದರ ಮೇಲೇ ಸುರಿಯುತ್ತಾರೆ. ನೀನು ಕುಡಿದದ್ದು ಮೊದಲು ಹೊಟ್ಟೆ, ಕರುಳು ದಾಟಬೇಕು. ಅರಿಶಿನದ ಕರ್ಕ್ಯುಮಿನ್ ಬಟ್ಟಲಲ್ಲಿ ದೊಡ್ಡ ಪೈಲ್ವಾನ, ಹೊಟ್ಟೆಗೆ ಹೋದರೆ ರಕ್ತಕ್ಕೆ ಸೇರೋದೇ ಚೂರು.”

“ಅವನ ಹೊಟ್ಟೆ ದಾಟೋದು ಸಣ್ಣ ಪ್ರಯಾಣ ಅಲ್ಲ,” ಎಂದ ನಾಗಪ್ಪ.

“ಅರಿಶಿನ ಬಿಡು,” ಎಂದ ಸುಬ್ರಾಯ. “ನೆಲನೆಲ್ಲಿಗೆ ಸರ್ಟಿಫಿಕೇಟ್ ಇದೆ.”

“ಇತ್ತು,” ಎಂದಳು ವಿನುತಾ. “ಲಿವರ್ ಕೆಡಿಸೋ ಹೆಪಟೈಟಿಸ್ ಬಿ ವೈರಸ್ ಪತ್ತೆ ಮಾಡಿ ನೊಬೆಲ್ ಪಡೆದ ಬ್ಲೂಂಬರ್ಗ್ ಮತ್ತು ಚೆನ್ನೈನ ವಿಜ್ಞಾನಿಗಳು ಸೇರಿ 1988ರಲ್ಲಿ ನೆಲನೆಲ್ಲಿ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ನೆಲನೆಲ್ಲಿ ತಿಂದ 37 ಜನರಲ್ಲಿ 22 ಮಂದಿಯ ರಕ್ತದಲ್ಲಿ ವೈರಸ್ಸಿನ ಗುರುತು ಮಾಯ. ಎಲ್ಲರೂ ಕುಣಿದರು. ಆಮೇಲೆ ಬೇರೆ ಕಡೆ ನೋಡಿದರೆ ಅಂಥ ಫಲ ಸಿಗಲಿಲ್ಲ.”

“ಅವರಿಗೆ ಕುಮಟೆಯ ಗಿಡ ಸಿಕ್ಕಿರಲಿಕ್ಕಿಲ್ಲ.”

ಇವನನ್ನು ಸೋಲಿಸಿದ ವಿಜ್ಞಾನಿ ಇನ್ನೂ ಹುಟ್ಟಿಲ್ಲ.

ವಿನುತಾ ಚೀಲದಿಂದ ಒಂದು ಬಳಚು ತೆಗೆದಳು. ಸ್ವಲ್ಪ ಬಾಯಿ ತೆರೆದುಕೊಂಡಿತ್ತು. ಉಗುರಿನಿಂದ ತಟ್ಟಿದಳು, ತಟಕ್ಕನೆ ಮುಚ್ಚಿತು. “ಜೀವ ಇದೆ. ಇದು ದಿನವಿಡೀ ಹೊಳೆ ನೀರು ಸೋಸಿ ಬದುಕೋ ಜೀವಿ. ನೀರಲ್ಲಿ ಇದ್ದದ್ದೆಲ್ಲ ಇದರೊಳಗೆ ಸೇರ್ತದೆ. ಹೊಳೆ ಸಮುದ್ರ ಸೇರೋ ಕಡೆಯ ಬೆಚ್ಚಗಿನ ಉಪ್ಪು ನೀರಲ್ಲಿ ವಿಬ್ರಿಯೊ ವಲ್ನಿಫಿಕಸ್ ಅಂತ ಬ್ಯಾಕ್ಟೀರಿಯಾ ಇರ್ತದೆ.”

“ವಿಭೂತಿನಾ?” ಎಂದ ನಾಗಪ್ಪ.

“ರಕ್ತಕ್ಕೆ ಸೇರಿದರೆ ವಿಭೂತಿಯೇ. ಹಾಗಾದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಉಳಿಯೋದಿಲ್ಲ. ಅದಕ್ಕೆ ಕಬ್ಬಿಣ ಅಂದರೆ ಪ್ರಾಣ. ರಕ್ತದಲ್ಲಿ ಕಬ್ಬಿಣ ಅದರ ಕೈಗೆ ಸಿಗದ ಹಾಗೆ ಹಿಡಿದಿಡೋ ಹಾರ್ಮೋನ್ ಬರೋದು ಲಿವರಿನಿಂದ. ಲಿವರ್ ಹಾಳಾದರೆ ಉಗ್ರಾಣದ ಬೀಗ ತೆಗೆದಿಟ್ಟ ಹಾಗೆ. ಅಮೆರಿಕದಲ್ಲಿ ಮೆಕ್ಸಿಕೊ ಕೊಲ್ಲಿ ಕರಾವಳಿಯ ಕಲ್ವವನ್ನು, ಅಂದರೆ ಆಯ್ಸ್ಟರ್ ಚಿಪ್ಪನ್ನು, ಹಸಿಯಾಗಿ ತಿಂದು ಜನ ಸಾಯ್ತಿದ್ದರು. 2003ರಲ್ಲಿ ಕ್ಯಾಲಿಫೋರ್ನಿಯಾ ಬೇಸಿಗೆ ತಿಂಗಳುಗಳಲ್ಲಿ, ಬ್ಯಾಕ್ಟೀರಿಯಾ ತಗ್ಗಿಸದ ಅಲ್ಲಿಯ ಹಸಿ ಕಲ್ವದ ಮಾರಾಟವನ್ನೇ ನಿಲ್ಲಿಸಿತು. ಸಾವು ಹೆಚ್ಚುಕಡಿಮೆ ನಿಂತೇ ಹೋಯಿತು. ಕಷಾಯ ಕುಡಿಸಿ ಅಲ್ಲ.”

ಸುಬ್ರಾಯ ಮೊದಲ ಬಾರಿ ಸುಮ್ಮನಾದ. ಆಮೇಲೆ ಮೆಲ್ಲಗೆ ಕೇಳಿದ, “ಮತ್ತೆ ಎಷ್ಟು ಬೇಯಿಸಬೇಕು?”

“ಕುದಿಯುವ ನೀರಲ್ಲಿ ಚಿಪ್ಪು ಬಾಯಿ ಬಿಟ್ಟ ಮೇಲೂ ಮೂರರಿಂದ ಐದು ನಿಮಿಷ. ಬಾಯಿ ಬಿಡದ್ದನ್ನು ಎಸೆಯಬೇಕು.”

“ಬಾಯಿ ಬಿಡದೇ ಇದ್ದರೆ ಅಪಾಯ ಅಂತಾದರೆ,” ಎಂದ ನಾಗಪ್ಪ, “ಈ ಜಗುಲಿಯಲ್ಲಿ ಭಯ ಇಲ್ಲ.”

ಒಳಗಿನಿಂದ ನನ್ನ ಹೆಂಡತಿ ಕೇಳಿದಳು, “ಅದೆಲ್ಲ ಆಯ್ತು, ಈ ಮಣ್ಣು ಗುಡಿಸೋರು ಯಾರು?”

ನಾಲ್ಕೂ ಚಿಪ್ಪು ತಟಕ್ಕನೆ ಮುಚ್ಚಿದವು.