ಕೋಕೋ ಗಂಟಾಗಿದ್ದಕ್ಕೆ

ತಂಗಿ, ನಿನ್ನ ಮೆಸೇಜ್ ಈಗ ನೋಡಿದೆ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಕೇಳು. ಮಕ್ಕಳಿಗೆ ಹಾಟ್ ಚಾಕೊಲೇಟ್ ಮಾಡಿದೆ, ಪುಡಿಯೆಲ್ಲ ಮೇಲೆ ತೇಲಿತು, ಗಂಟು ಗಂಟಾಯಿತು, ಕಹಿ ಅಂತ ಕುಡಿಯದೇ ಬಿಟ್ಟರು ಅಂದಿದ್ದೀಯ. ನಿನ್ನ ಕೈಯ ತಪ್ಪಲ್ಲ ಅದು. ಡಬ್ಬಿ ಬದಲಾಗಿದೆ ಅಷ್ಟೇ.

ಮೊದಲು ನೀನು ತರುತ್ತಿದ್ದದ್ದು ಡ್ರಿಂಕಿಂಗ್ ಚಾಕೊಲೇಟ್. ಅದರಲ್ಲಿ ಸಕ್ಕರೆಯೇ ಜಾಸ್ತಿ, ಹಾಲಿಗೆ ಹಾಕಿ ತಿರುವಿದರೆ ಸಾಕು. ಈ ಸಲ ಫೋಟೋದಲ್ಲಿ ಇರುವುದು ಬರೀ ಕೋಕೋ ಪುಡಿ. ಅದರಲ್ಲಿ ನೂರಕ್ಕೆ 10-12 ಪಾಲು ಕೊಬ್ಬು ಇರುತ್ತದೆ. ಅದಕ್ಕೇ ನೀರನ್ನು ಬೇಗ ಹೀರುವುದಿಲ್ಲ.

ಅಂಬಲಿಗೆ ಜೋಳದ ಹಿಟ್ಟನ್ನು ಸೀದಾ ಕುದಿಯುವ ನೀರಿಗೆ ಸುರಿಯುತ್ತೀವಾ? ಮೊದಲು ಬೇರೆ ಕಲಸಿಕೊಳ್ಳುತ್ತೀವಲ್ವಾ? ಇದಕ್ಕೂ ಹಾಗೇ. ಆದರೆ ಅಂಬಲಿಗೆ ತಣ್ಣೀರು, ಕೋಕೋಗೆ ಬಿಸಿನೀರು. ಬಿಸಿಗೆ ಆ ಕೊಬ್ಬು ಕರಗುತ್ತದೆ. ಎರಡು ಕಪ್ಪಿಗೆ 2 ದೊಡ್ಡ ಚಮಚ ಕೋಕೋ, 2 ದೊಡ್ಡ ಚಮಚ ಸಕ್ಕರೆ, ಒಂದು ಚಿಟಿಕೆ ಉಪ್ಪು ಒಣದರಲ್ಲೇ ಚೆನ್ನಾಗಿ ಬೆರೆಸು. ಉಪ್ಪು ಬಿಡಬೇಡ, ಕಹಿ ತಗ್ಗುವುದು ಅದರಿಂದಲೇ. ಅರ್ಧ ಕಪ್ ಬಿಸಿನೀರನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ತಿಕ್ಕಿ ಕಲಸು. ಆಮೇಲೆ ಸಣ್ಣ ಉರಿಯಲ್ಲಿ ಎರಡು ನಿಮಿಷ ಬೇಯಿಸು. ಇದೇ ಮುಖ್ಯ. ಕೋಕೋದಲ್ಲಿ ಪಿಷ್ಟ ಇದೆ, ಅದು ಬೆಂದರೇ ಗಟ್ಟಿ ಬರುವುದು, ಹಸಿ ವಾಸನೆ ಹೋಗುವುದು. ಆಮೇಲೆ ಒಂದೂವರೆ ಕಪ್ ಕಾಯಿಸಿದ ಹಾಲು. ಹಬೆ ಬಂದರೆ ಸಾಕು, ಉಕ್ಕಿಸಬೇಡ. ನಿಮ್ಮ ಮನೆಯದು ಎಮ್ಮೆ ಹಾಲು, ದಪ್ಪ ಇರುತ್ತದೆ, ಅದರ ಮುಂದೆ ಕೋಕೋದ ರುಚಿ ಅಡಗಿಬಿಡುತ್ತದೆ. ಆ ಅರ್ಧ ಕಪ್ ನೀರು ಅದಕ್ಕೂ ಒಳ್ಳೆಯದೇ.

ಇಳಿಸಿದ ಮೇಲೆ ಸಣ್ಣ ಕಡಗೋಲು ತಗೊಂಡು ಎರಡೂ ಅಂಗೈಯಲ್ಲಿ ತಿರುವಿ ಕಡಿ. ನೊರೆ ಏಳುತ್ತದೆ, ಕೆನೆಯೂ ಕಟ್ಟುವುದಿಲ್ಲ. ಮೆಕ್ಸಿಕೋದಲ್ಲಿ ಚಾಕೊಲೇಟ್ ಕುಡಿಯುವವರೂ ಹೀಗೇ ಅಂಗೈಯಲ್ಲಿ ತಿರುವುವ ಕಟ್ಟಿಗೆಯ ಕಡಗೋಲು ಇಟ್ಟುಕೊಂಡಿರುತ್ತಾರೆ, ಮೊಲಿನಿಯೊ ಅಂತಾರೆ. ಅದು ಗೊತ್ತಾದ ದಿನ ನನಗೆ ಎಷ್ಟು ಖುಷಿಯಾಯಿತು ಅಂದರೆ, ಅವತ್ತಿನಿಂದ ಮಿಕ್ಸಿ ಮುಟ್ಟಿಲ್ಲ. ಕೋಕೋ ಅಂದರೆ ಬರೀ ಪರದೇಶದ್ದು ಅಂದುಕೊಳ್ಳಬೇಡ ಮತ್ತೆ. ದಕ್ಷಿಣ ಕನ್ನಡದಲ್ಲಿ ಅಡಿಕೆ ತೋಟದ ನೆರಳಲ್ಲಿ ಬೆಳೆಯುತ್ತಾರೆ. ಪುತ್ತೂರಿನಲ್ಲಿ ಅಡಿಕೆ-ಕೋಕೋ ಬೆಳೆಗಾರರ ಸಹಕಾರ ಸಂಘ ಕ್ಯಾಂಪ್ಕೊದವರ ಚಾಕೊಲೇಟ್ ಕಾರ್ಖಾನೆ 1986ರಿಂದ ಇದೆ.

ಅತ್ತೆಗೆ ಸಕ್ಕರೆ ಬದಲು ನಮ್ಮ ಬೀದರ್ ಬೆಲ್ಲ ಹಾಕುವುದಾದರೆ ಒಲೆಯಿಂದ ಇಳಿಸಿ ಸ್ವಲ್ಪ ಆರಿದ ಮೇಲೆ ಹಾಕು. ಕುದಿಯುವ ಹಾಲಿಗೆ ಹಾಕಿದರೆ ಒಡೆಯುತ್ತದೆ. ನನ್ನದು ಒಮ್ಮೆ ಹಾಗೇ ಹಾಳಾಗಿತ್ತು.

ಇನ್ನೊಂದು ಮಾತು. ಕೋಕೋದಲ್ಲೂ ಸ್ವಲ್ಪ ಕೆಫೀನ್ ಇರುತ್ತದೆ. ಮಕ್ಕಳಿಗೆ ಮಲಗುವ ಹೊತ್ತಿಗೆ ಬೇಡ, ಸಾಲಿಯಿಂದ ಬಂದ ಮೇಲೆ ಕೊಡು. ಈ ಚಳಿಗೆ ಸಂಜೆ ಐದಕ್ಕೆಲ್ಲ ಕೈ ತಣ್ಣಗಾಗಿರುತ್ತವೆ, ಲೋಟ ಹಿಡಿದುಕೊಂಡು ಕೂರುತ್ತಾರೆ. ನಾಳೆ ಮಾಡಿ ಫೋಟೋ ಹಾಕು. ಮತ್ತೆ ಗಂಟಾದರೆ ಫೋನ್ ಮಾಡು, ನಾನೇ ಬರುತ್ತೇನೆ.