ಪದಚರ್ಚೆ: ಹಳೇ ಮರದ ‘ಪ್ಯಾಟಿನಾ’ಗೆ ಏನನ್ನೋಣ? ‘ಒಪ್ಪ ಹಾಕು’ ಇನ್ನೂ ಬಳಕೆಯಲ್ಲಿದೆಯಾ?

ಎಲ್ಲರಿಗೂ ನಮಸ್ಕಾರ.

ಹಳೇ ಮರದ ಸಾಮಾನು ರಿಪೇರಿ ಮಾಡುವ ಗೆಳೆಯರೊಬ್ಬರು ಗಿರಾಕಿಗಳಿಗೆ ಕೊಡೋಕೆ ಕನ್ನಡದಲ್ಲಿ ಒಂದು ಪುಟದ ಸೂಚನೆ ಬರೆದುಕೊಡಿ ಅಂದರು. ಸುಲಭದ ಕೆಲಸ ಅಂತ ಒಪ್ಪಿಕೊಂಡೆ, ಈಗ ಎರಡು ಕಡೆ ಸಿಕ್ಕಿಕೊಂಡಿದ್ದೇನೆ.

ಮೊದಲನೆಯದು ಪ್ಯಾಟಿನಾ, ಅಂದರೆ ಕಾಲ ಕಳೆದಂತೆ ಬಳಕೆಯಿಂದ ಹಳೇ ವಸ್ತುವಿನ ಮೇಲೆ ಮೂಡುವ ಬಣ್ಣ, ನುಣುಪು. ಸದ್ಯ ಅವರ ಹತ್ತಿರ ಬೀಟೆ ಮರದ ಒಂದು ಶಾನುಭೋಗರ ಡೆಸ್ಕಿದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಬರೆಯುವಂಥದ್ದು, ಇಳಿಜಾರು ಮುಚ್ಚಳ. ಮುಚ್ಚಳದ ಕೆಳಗಡೆ ಬಲಕ್ಕೆ, ಬರೆಯುವವರ ಮಣಿಕಟ್ಟು ಊರುತ್ತಿದ್ದ ಜಾಗ ಉಳಿದ ಮರಕ್ಕಿಂತ ಕಪ್ಪಾಗಿ ನುಣ್ಣಗಾಗಿದೆ, ಬೆರಳಾಡಿಸಿದರೆ ಚೂರು ತಗ್ಗಿರೋದೂ ಗೊತ್ತಾಗುತ್ತದೆ. ಮೇಲ್ಗಡೆ ಮಸಿ ಕುಡಿಕೆಯ ಕಲೆ. ಕಿಟಕಿ ಬಿಸಿಲು ಬೀಳುತ್ತಿದ್ದ ಪಕ್ಕ ಮಾತ್ರ ಬಣ್ಣ ತಿಳಿಯಾಗಿದೆ. ಕೈ, ಬಿಸಿಲು, ಎಣ್ಣೆ, ಕಾಲ ಎಲ್ಲ ಸೇರಿ ಮರದ ಮೇಲೆ ತಂದಿಟ್ಟ ಈ ರೂಪಕ್ಕೆ ಒಂದು ಹೆಸರು ಬೇಕು.

ನಮ್ಮಲ್ಲಿರುವ ಪದಗಳೆಲ್ಲ ಬೈಗುಳದ ಥರ ಇವೆ. ಕಿಲುಬು, ಜಿಡ್ಡು, ಕೊಳೆ, ಮಾಸಲು. ಹಿತ್ತಾಳೆ, ತಾಮ್ರ ಕಂಡರೆ ಹುಣಸೆಹಣ್ಣು ಹಾಕಿ ತಿಕ್ಕುವ ಜನ ನಾವು, ಅದರಲ್ಲಿ ತಪ್ಪೂ ಇಲ್ಲ. ಅಡುಗೆ ಪಾತ್ರೆಯ ಕಿಲುಬು ಹೊಟ್ಟೆಗೆ ಹೋದರೆ ವಿಷ, ಅದಕ್ಕೇ ಅಲ್ವಾ ಕಲಾಯಿ ಹಾಕಿಸೋದು. ಹಾಗಾಗಿ ಆ ಪದಕ್ಕೆ ಒಳ್ಳೇ ಅರ್ಥ ಬರುವ ದಾರಿಯೇ ಇರಲಿಲ್ಲ. ‘ಸವಕಲು’ ಅಂದರೂ ಅಷ್ಟೇ, ಸವಕಲು ನಾಣ್ಯ, ಸವಕಲು ಮಾತು ಅಂತ ಕಳಪೆಗೇ ಅಂಟಿಕೊಂಡಿದೆ.

ನನಗೆ ಹತ್ತಿರ ಅನಿಸಿದ್ದು ‘ಕಳೆ’. ಮುಖದಲ್ಲಿ ಕಳೆ ಇದೆ ಅಂತೀವಲ್ಲ, ಕಲಾ ಎಂಬುದರಿಂದ ಬಂದದ್ದು, ಅದು. ಆದರೆ ಹೊಲದಲ್ಲಿ ಕೀಳುವ ಕಳೆಯೂ ಅದೇ, ಕಳೆದುಹೋಗುವ ಕಳೆಯೂ ಅದೇ. ‘ಮರದ ಕಳೆ ತೆಗೆಯಬೇಡಿ’ ಅಂತ ಅಚ್ಚು ಹಾಕಿಸಿದರೆ ಗಿರಾಕಿ ಏನಂದುಕೊಳ್ಳಬೇಕು! ಹಳಗನ್ನಡದ ಹಾಗೆ ‘ಹಳಗಳೆ’ ಅಂತ ಮಾಡೋಣ ಅಂದರೆ ಹಳೇ ಬಿದಿರು ಗಳೆ ನೆನಪಾಗುತ್ತದೆ.

ಎರಡನೆಯದು ಇನ್ನೂ ಮುಖ್ಯ, ಯಾಕಂದರೆ ಇಲ್ಲಿ ಪದ ತಪ್ಪಿದರೆ ಸಾಮಾನೇ ಹಾಳು. ‘ಪಾಲಿಶ್ ಮಾಡಿಸು’ ಎಂಬ ಒಂದೇ ಮಾತು ಎರಡು ಉಲ್ಟಾ ಕೆಲಸಗಳಿಗೆ ನಡೆಯುತ್ತಿದೆ. ಒಂದು, ಮೆಷಿನ್ ಹಿಡಿದು ಉಪ್ಪು ಕಾಗದದಲ್ಲಿ ಬರೀ ಮರ ಕಾಣುವ ತನಕ ಉಜ್ಜಿ, ಮೇಲೆ ಗಾಜಿನಂಥ ಮೆಲಮೈನ್ ಲೇಪ ಹೊಡೆಯೋದು. ಇನ್ನೊಂದು ನಮ್ಮ ಗೆಳೆಯರು ಮಾಡೋದು. ಹತ್ತಿಗೆ ಸ್ಪಿರಿಟ್ ಅದ್ದಿ ಕಾಣದ ಮೂಲೆಯಲ್ಲಿ ಒತ್ತಿ ನೋಡುತ್ತಾರೆ. ಅಂಟಂಟಾದರೆ ಅದು ಅರಗಿನ ಪಾಲಿಶ್, ಸ್ಪಿರಿಟ್‌ನಲ್ಲಿ ಕರಗುತ್ತದೆ. ಆಗ ಕೆರೆಯುವ ಮಾತೇ ಇಲ್ಲ. ಮೊದಲು ಮೇಲಿನ ಕೊಳೆ ಒರೆಸಿ, ಆಮೇಲೆ ಬಟ್ಟೆಯುಂಡೆಗೆ ಸ್ವಲ್ಪವೇ ಸ್ಪಿರಿಟ್ ಹಾಕಿ ಬೇಗಬೇಗ ಸವರಿದರೆ ಸೀಳುಬಿಟ್ಟ ಹಳೇ ಪದರವೇ ಮೆತ್ತಗಾಗಿ ಮತ್ತೆ ಕೂಡಿಕೊಳ್ಳುತ್ತದೆ. ಬಿಸಿ ಲೋಟ ಇಟ್ಟು ಆದ ಬಿಳಿ ಉಂಗುರ ಕೂಡ ಎಷ್ಟೋ ಸಲ ಇದರಲ್ಲೇ ಹೋಗುತ್ತದೆ, ಅದು ಪದರದೊಳಗೆ ಸಿಕ್ಕಿದ ತೇವ ಅಷ್ಟೇ. ಸಾಲದಿದ್ದರೆ ಮಾತ್ರ ತೆಳ್ಳಗೆ ಹೊಸ ಅರಗು. ಮಣಿಕಟ್ಟಿನ ಗುರುತು, ಮಸಿ ಕಲೆ ಎರಡೂ ಉಳಿಯುತ್ತವೆ.

ಈ ಎರಡನೇ ಕೆಲಸಕ್ಕೆ ಕ್ರಿಯಾಪದ ಯಾವುದು? ‘ನವೀಕರಣ’ ಅಂದರೆ ಹೊಸದು ಮಾಡೋದು, ಬೇಡವಾದದ್ದೇ ಅದು, ಮೇಲಾಗಿ ಲೈಸೆನ್ಸ್ ನೆನಪಾಗುತ್ತದೆ. ‘ಜೀರ್ಣೋದ್ಧಾರ’ ದೇವಸ್ಥಾನಕ್ಕೇ ಇರಲಿ, ಡೆಸ್ಕಿಗೆ ಜಾಸ್ತಿ ಆಯ್ತು.

ನನ್ನ ಕಣ್ಣು ‘ಒಪ್ಪ’ದ ಮೇಲಿದೆ. ಹಳಗನ್ನಡದಲ್ಲಿ ಒಪ್ಪ ಅಂದರೆ ಹೊಳಪು, ಒಪ್ಪವಿಡು ಅಂದರೆ ಹೊಳಪು ಕೊಡು. ಈಗ ಹೆಚ್ಚಾಗಿ ‘ಒಪ್ಪ ಓರಣ’ದಲ್ಲಿ ಉಳಿದಿದೆ. ಇದ್ದ ವಸ್ತುವನ್ನೇ ಚೆಂದ ಮಾಡುವ ಅರ್ಥ ಅದರಲ್ಲಿದೆ, ಕೆರೆದು ತೆಗೆಯುವ ಸುಳಿವಿಲ್ಲ. ಒಂದೇ ತಕರಾರು, ಶಾಸನಗಳಲ್ಲಿ ಒಪ್ಪ ಅಂದರೆ ಸಹಿ. ವಿಜಯನಗರದ ಎಷ್ಟೋ ಶಾಸನಗಳ ಕೊನೆಗೆ ಅರಸರ ಒಪ್ಪ ‘ಶ್ರೀ ವಿರೂಪಾಕ್ಷ’ ಅಂತಲೇ ಇರುತ್ತದೆ. ಆದರೆ ಇವತ್ತು ಸಹಿಗೆ ಯಾರೂ ಒಪ್ಪ ಅನ್ನಲ್ಲ, ಗೊಂದಲ ಆಗಲಾರದು ಅಂತ ನನ್ನ ಲೆಕ್ಕ.

ಹಾಗಾಗಿ ಕೇಳೋದು ಇಷ್ಟು. ನಿಮ್ಮ ಕಡೆ ಅಕ್ಕಸಾಲಿಗರೋ ಬಡಗಿಗಳೋ ‘ಒಪ್ಪ ಹಾಕು’, ‘ಒಪ್ಪ ಇಡು’ ಅನ್ನೋದು ಕೇಳಿದ್ದೀರಾ? ಕೆರೆದು ಮಾಡುವ ಪಾಲಿಶ್‌ಗೂ ಕೆರೆಯದೆ ಮಾಡುವುದಕ್ಕೂ ಅವರು ಬೇರೆ ಬೇರೆ ಮಾತು ಆಡುತ್ತಾರಾ? ಕೈಯಾಡಿ ಕಪ್ಪಾದ ತೊಟ್ಟಿಲು, ಒನಕೆ, ಹೊಸ್ತಿಲ ಮರದ ಆ ನುಣುಪಿಗೆ ಮನೆಯಲ್ಲಿ ಹಿರಿಯರು ಏನಂತಿದ್ದರು? ನಿಘಂಟು ನನ್ನ ಹತ್ತಿರವೂ ಇದೆ, ಬಾಯಲ್ಲಿ ಕೇಳಿದ್ದನ್ನು ಬರೆಯಿರಿ, ಜೊತೆಗೆ ಯಾವ ಸೀಮೆಯ ಮಾತು ಅನ್ನೋದನ್ನೂ.